ಹರಿಯದಂತೆ ಬಿಡಿಸುವ ವಿದ್ಯೆ: ಕೋಶಹಾಳೆಯ ಚರಿತ್ರೆ ಮತ್ತು ಚಿಕ್ಕೋಡಿ–ಅಥಣಿ ಸೀಮೆಯ ತೊಗಲು, ಸುಣ್ಣ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಗಡಿ, ಭಾಷೆ, ಕೃಷ್ಣಾ–ದೂಧಗಂಗಾ ನದಿಗಳ ನೀರು, ಕಬ್ಬು, ತಂಬಾಕು ಮತ್ತು ಶರಣ ಪರಂಪರೆಗಳ ಸುತ್ತ ನಡೆದಿವೆ. ಇದೇ ಸೀಮೆಯ ದುಡಿಯುವ ಜನ ತೊಗಲನ್ನು ಕುರಿತು ಗಳಿಸಿಕೊಂಡ ತಿಳಿವಳಿಕೆ ಮಾತ್ರ 'ಕರಕುಶಲ ಕಲೆ' ಎಂಬ ತಲೆಬರಹದ ಅಡಿಯಲ್ಲಿ ಸೇರಿ ಅಲ್ಲಿಯೇ ಉಳಿದಿದೆ. ಅದು ಜ್ಞಾನದ ಚರಿತ್ರೆಯ ಭಾಗವೂ ಹೌದೆಂಬುದನ್ನು ಪರಿಶೀಲಿಸಲು ಅನಿರೀಕ್ಷಿತವಾದ ಕಡೆಯಿಂದ ಒಂದು ಸಂದರ್ಭ ಒದಗಿಬಂದಿದೆ. ಇಪ್ಪತ್ತನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ ಬಾಸ್ಟನ್ ಮತ್ತು ಟೋಕಿಯೊ ನಗರಗಳ ಪ್ರಯೋಗಾಲಯಗಳು ಮನುಷ್ಯನ ಚರ್ಮದ, ಕಣ್ಣಿನ, ಹೃದಯದ ಜೀವಕೋಶಗಳನ್ನು ತಟ್ಟೆಯ ಮೇಲೆ ಹಾಳೆಯಂತೆ ಬೆಳೆಸತೊಡಗಿದವು. ಬೆಳೆಸುವುದು ಸಾಧ್ಯವಾದ ಮೇಲೆ ಎದುರಾದ ಪ್ರಶ್ನೆ ಒಂದೇ: ಬೆಳೆದ ಹಾಳೆಯನ್ನು ಹರಿಯದಂತೆ ಬಿಡಿಸುವುದು ಹೇಗೆ? ಇದಕ್ಕೆ ದೊರೆತ ಉತ್ತರಗಳಲ್ಲಿ ಅತ್ಯಂತ ನಾಜೂಕಾದುದು ಉಷ್ಣತೆಗೆ ಸ್ಪಂದಿಸುವ ಪಾಲಿಮರ್ ಲೇಪನ. ಆ ಲೇಪನದ ಚರಿತ್ರೆಯನ್ನು ಈ ಐದು ತಾಲ್ಲೂಕುಗಳ ತೊಗಲು ಮತ್ತು ಸುಣ್ಣದ ಲೋಕದ ಪಕ್ಕದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ಇನ್ನೊಂದರಿಂದ ಹುಟ್ಟಿತೆಂದು ಸಾಧಿಸುವ ಹಂಬಲ ಇಲ್ಲಿಲ್ಲ.

ಮೊದಲು ಒಂದು ಐತಿಹ್ಯವನ್ನು ನೆನೆಯಬೇಕು. ಕಲ್ಯಾಣದ ಸಮಗಾರ ಹರಳಯ್ಯ ಬಸವಣ್ಣನಿಗೆ ಒಮ್ಮೆ 'ಶರಣು' ಎಂದಾಗ ಬಸವಣ್ಣ 'ಶರಣು ಶರಣಾರ್ಥಿ' ಎಂದು ಎರಡು ಬಾರಿ ಮರುವಂದಿಸಿದನೆಂದೂ, ಆ ಋಣ ತೀರಿಸಲು ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ಒಪ್ಪಿಸಿದರೆಂದೂ ಜನಪದ ಹೇಳುತ್ತದೆ. ಗಂಡ ಒಂದು ತೊಡೆಯ ತೊಗಲು, ಹೆಂಡತಿ ಇನ್ನೊಂದು ತೊಡೆಯ ತೊಗಲು ಕೊಟ್ಟು ಒಂದು ಜೋಡಿ ಪೂರ್ಣವಾಯಿತೆಂಬ ವಿವರ ಉತ್ತರ ಕರ್ನಾಟಕದುದ್ದಕ್ಕೂ ಪರಿಚಿತ. ಇಂದಿನ ಸುಟ್ಟಗಾಯದ ಚಿಕಿತ್ಸೆಯಲ್ಲಿಯೂ ಶಸ್ತ್ರವೈದ್ಯರು ಕಸಿಗಾಗಿ ಚರ್ಮದ ತೆಳುಪದರವನ್ನು ಸಾಮಾನ್ಯವಾಗಿ ರೋಗಿಯ ತೊಡೆಯಿಂದಲೇ ತೆಗೆಯುತ್ತಾರೆ. ಈ ಹೋಲಿಕೆಯನ್ನು ಹಿಡಿದು ಹನ್ನೆರಡನೆಯ ಶತಮಾನದಲ್ಲಿಯೇ ಚರ್ಮಕಸಿ ಇತ್ತೆಂದು ಹೊರಡುವುದು ಪುಷ್ಪಕ ವಿಮಾನದ ದಾರಿ, ವಿದ್ವತ್ತಿನ ದಾರಿಯಲ್ಲ. ಐತಿಹ್ಯ ಸಾರುವುದು ಬೇರೊಂದು ಸಂಗತಿಯನ್ನು. ತೊಗಲಿನ ಕೆಲಸ ಮಾಡುವವನಿಗೆ ತೊಡೆಯ ತೊಗಲು ವಿಶಾಲವೂ ಸಮವೂ ಆದುದೆಂದು, ಸತ್ತ ಪ್ರಾಣಿಯ ತೊಗಲಿಗೂ ತನ್ನ ಮೈಯ ತೊಗಲಿಗೂ ಸ್ವರೂಪದಲ್ಲಿ ಭೇದವಿಲ್ಲವೆಂದು ಗೊತ್ತಿತ್ತು. ಈ ಅರಿವಿಲ್ಲದ ಸಮಾಜದಲ್ಲಿ ಇಂತಹ ಕಥೆ ಹುಟ್ಟಲಾರದು.

ಅಥಣಿಯ ಹೆಸರು ಪಾದರಕ್ಷೆಯೊಂದಿಗೆ ಬೆಸೆದುಕೊಂಡಿದೆ. ಕೊಲ್ಲಾಪುರಿ ಚಪ್ಪಲಿ ಎಂದು ಮಾರಾಟವಾಗುವ ಮಾಲಿನಲ್ಲಿ ಅಥಣಿ ಭಾಗದ ಸಮಗಾರ ಕುಟುಂಬಗಳ ಕೈಕೆಲಸದ ಪಾಲು ದೊಡ್ಡದು. 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನೂ ಒಳಗೊಂಡಿದೆ. ಚಪ್ಪಲಿಯ ಅಂದ, ಹೆಣಿಗೆ, ಕಿವಿಗಳ ವರ್ಣನೆ ಸಾಕಷ್ಟು ನಡೆದಿದೆ. ಅದಕ್ಕೂ ಹಿಂದಿನ ಹಂತವಾದ ಹದಗಾರಿಕೆಯ ಬಗೆಗೆ ಬರೆದವರು ಕಡಿಮೆ. ವಾಸನೆ ಮತ್ತು ಜಾತಿ ಎರಡೂ ಇದಕ್ಕೆ ಕಾರಣವೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಸಾಂಪ್ರದಾಯಿಕ ಹದಗಾರಿಕೆಯಲ್ಲಿ ಹಸಿ ತೊಗಲನ್ನು ಮೊದಲು ನೀರಿನಲ್ಲಿ ನೆನೆಸಿ, ಬಳಿಕ ಸುಣ್ಣದ ಹೊಂಡಕ್ಕೆ ಇಳಿಸುತ್ತಾರೆ. ಸುಣ್ಣ ತೊಗಲನ್ನು ಉಬ್ಬಿಸುತ್ತದೆ. ಕೂದಲಿನ ಬುಡವನ್ನು ಸಡಿಲಗೊಳಿಸುತ್ತದೆ. ಹೊರಪದರವು ಒಳಪದರಕ್ಕೆ ಅಂಟಿಕೊಂಡಿರುವ ಗೆರೆಯನ್ನು ಕರಗಿಸುತ್ತದೆ. ಆಗ ಕೂದಲನ್ನೂ ಹೊರಪದರವನ್ನೂ ಒಟ್ಟಿಗೆ ಹೆರೆದು ತೆಗೆಯಬಹುದು. ಸುಣ್ಣ ಕಡಿಮೆಯಾದರೆ ಪದರ ಬಿಡುವುದಿಲ್ಲ. ಹೆಚ್ಚಾದರೆ, ಅಥವಾ ದಿನ ಮೀರಿದರೆ, ತೊಗಲೇ ಕೊಳೆತು ಸಡಿಲವಾಗುತ್ತದೆ. ಹೊಂಡದಿಂದ ಎತ್ತುವ ಸಮಯವನ್ನು ನಿರ್ಧರಿಸುವುದು ಹೆಬ್ಬೆರಳು: ಕೂದಲನ್ನು ಒತ್ತಿ ತಳ್ಳಿದಾಗ ಅದು ಸಲೀಸಾಗಿ ಜಾರಬೇಕು. ಆಮೇಲೆ ಸುಣ್ಣವನ್ನು ತೊಳೆದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಒಗರು ನೀರಿನಲ್ಲಿಟ್ಟು ತೊಗಲನ್ನು ಹದಗೊಳಿಸುತ್ತಾರೆ. ಇಡೀ ಕ್ರಿಯೆಯ ಜೀವಾಳ ಎರಡು ಪದರಗಳನ್ನು ಬೇರ್ಪಡಿಸುವುದು. ಹದಗಾರನಿಗೆ ಬೇಕಾದದ್ದು ಕೆಳಗಿನ ಗಟ್ಟಿ ಪದರ. ಮೇಲಿನ ಜೀವಕೋಶಗಳ ಪದರವನ್ನು ಅವನು ಎಸೆಯುತ್ತಾನೆ. ಅವನು ಎಸೆಯುವುದನ್ನೇ ಬಾಸ್ಟನ್ನಿನ ಪ್ರಯೋಗಾಲಯ ಉಳಿಸಿಕೊಳ್ಳಲು ಹೆಣಗಿತು.

ಈ ಎರಡು ಲೋಕಗಳ ನಡುವೆ ಚಾರಿತ್ರಿಕವಾದ ಒಂದು ನಿಜ ಕೊಂಡಿಯಿದೆ; ಅದು ಇರುವುದು ಜರ್ಮನಿಯಲ್ಲಿ. ಸುಣ್ಣದಿಂದ ಎತ್ತಿದ ತೊಗಲನ್ನು ಮೆದುವಾಗಿಸಲು ಯುರೋಪಿನ ಹದಗಾರರು ಶತಮಾನಗಳ ಕಾಲ ನಾಯಿಯ ಮಲವನ್ನೂ ಪಾರಿವಾಳದ ಹಿಕ್ಕೆಯನ್ನೂ ಬಳಸುತ್ತಿದ್ದರು. ಅದರಲ್ಲಿ ಕೆಲಸ ಮಾಡುತ್ತಿದ್ದುದು ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು. ರಸಾಯನಶಾಸ್ತ್ರಜ್ಞ ಓಟ್ಟೊ ರೋಮ್ ಇದರ ಬದಲು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಕಿಣ್ವವನ್ನು ಬಳಕೆಗೆ ತಂದು, 1907ರಲ್ಲಿ ಓಟ್ಟೊ ಹಾಸ್ ಜೊತೆಗೂಡಿ ಅದನ್ನು ತಯಾರಿಸುವ ಕಂಪನಿಯನ್ನು ಸ್ಥಾಪಿಸಿದ. ಆ ಕಿಣ್ವಗಳಲ್ಲಿ ಮುಖ್ಯವಾದುದು ಟ್ರಿಪ್ಸಿನ್. ಕೆಲವೇ ವರ್ಷಗಳ ಅನಂತರ, 1916ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್ ಮತ್ತು ಜೋನ್ಸ್ ಅವರು ಗಾಜಿನ ಮೇಲೆ ಬೆಳೆದ ಜೀವಕೋಶಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಲು ಇದೇ ಟ್ರಿಪ್ಸಿನ್ನನ್ನು ಉಪಯೋಗಿಸಿದರು. ಇಂದಿಗೂ ಕೋಶಗಳನ್ನು ಬೆಳೆಸುವ ಪ್ರಯೋಗಾಲಯಗಳ ನಿತ್ಯದ ಸಾಮಗ್ರಿ ಅದು. ಇನ್ನೂ ಒಂದು ಆಕಸ್ಮಿಕ: ರೋಮ್ 1901ರಲ್ಲಿ ಡಾಕ್ಟರೇಟ್ ಪದವಿಗಾಗಿ ಅಭ್ಯಸಿಸಿದ್ದು ಅಕ್ರಿಲಿಕ್ ಆಮ್ಲದ ಪಾಲಿಮರ್‌ಗಳನ್ನು. ಮುಂದೆ ಟ್ರಿಪ್ಸಿನ್ನನ್ನು ಪಕ್ಕಕ್ಕೆ ಸರಿಸಿದ ಲೇಪನ ಅದೇ ಅಕ್ರಿಲಿಕ್ ಕುಲದ್ದು.

ಟ್ರಿಪ್ಸಿನ್ನಿನ ದೋಷ ಸುಣ್ಣದ ದೋಷವೇ. ಅದು ಬಿಡಿಸುವುದರ ಜೊತೆಗೆ ಕಡಿಯುತ್ತದೆ. ಕೋಶ ತಟ್ಟೆಗೆ ಅಂಟಿಕೊಂಡ ಪ್ರೋಟೀನನ್ನೂ, ಒಂದು ಕೋಶ ಪಕ್ಕದ ಕೋಶದ ಕೈ ಹಿಡಿದ ಪ್ರೋಟೀನನ್ನೂ ಅದು ಒಂದೇ ರೀತಿ ಕತ್ತರಿಸುತ್ತದೆ. ದೊರೆಯುವುದು ಹಾಳೆಯಲ್ಲ, ಪುಡಿ. 1975ರಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವರ್ಡ್ ಗ್ರೀನ್ ಮನುಷ್ಯನ ಹೊರಚರ್ಮದ ಕೋಶಗಳನ್ನು ಇಲಿಯ ಕೋಶಗಳ ಆಸರೆಯಲ್ಲಿ ಬೆಳೆಸುವ ಕ್ರಮವನ್ನು ಪ್ರಕಟಿಸಿದರು. 1979ರ ಹೊತ್ತಿಗೆ ಗ್ರೀನ್ ಮತ್ತು ಸಂಗಡಿಗರು ಡಿಸ್ಪೇಸ್ ಎಂಬ ಇನ್ನೊಂದು ಕಿಣ್ವದಿಂದ ಪದರವನ್ನು ಹಾಳೆಯಾಗಿಯೇ ಎತ್ತಬಲ್ಲವರಾದರು. ಮೈಯ ಶೇಕಡ 95ಕ್ಕಿಂತ ಹೆಚ್ಚು ಭಾಗ ಸುಟ್ಟುಹೋಗಿದ್ದ ಐದು ಮತ್ತು ಆರು ವರ್ಷದ ಇಬ್ಬರು ಸೋದರರು ತಮ್ಮದೇ ಕೋಶಗಳಿಂದ ಬೆಳೆದ ಹಾಳೆಗಳನ್ನು ಹೊದ್ದು ಬದುಕುಳಿದ ವೃತ್ತಾಂತ 1984ರಲ್ಲಿ ಪ್ರಕಟವಾಯಿತು. ಆದರೆ ಡಿಸ್ಪೇಸ್ ಕೂಡ ಹಾಳೆಯ ತಳದ ಅಂಟನ್ನು ತಿಂದುಹಾಕುತ್ತಿತ್ತು. ಎತ್ತಿದ ಹಾಳೆ ಸುರುಟಿಕೊಳ್ಳುತ್ತಿತ್ತು. ಗಾಯದ ಮೇಲೆ ಕಚ್ಚಿಕೊಳ್ಳಲು ತಡವರಿಸುತ್ತಿತ್ತು.

ಕಡಿಯದೆ ಬಿಡಿಸುವ ಉಪಾಯ ಬಂದದ್ದು ಜೀವಶಾಸ್ತ್ರದಿಂದಲ್ಲ, ಪಾಲಿಮರ್ ರಸಾಯನಶಾಸ್ತ್ರದಿಂದ. ಪಾಲಿ-ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬ ವಸ್ತು ತಣ್ಣೀರಿನಲ್ಲಿ ಕರಗುತ್ತದೆ, ಬಿಸಿಯಾದರೆ ಬೇರ್ಪಡುತ್ತದೆ. ಬೆಲ್ಲ, ಉಪ್ಪುಗಳ ಸ್ವಭಾವಕ್ಕೆ ಇದು ತೀರ ವಿರುದ್ಧ. ಈ ಬದಲಾವಣೆ ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುತ್ತದೆಂಬುದನ್ನು 1968ರಲ್ಲಿ ಹೆಸ್ಕಿನ್ಸ್ ಮತ್ತು ಗಿಯೆ ವಿವರಿಸಿದ್ದರು. ಟೋಕಿಯೊ ಮಹಿಳಾ ವೈದ್ಯಕೀಯ ಕಾಲೇಜಿನ ಟೆರುವೊ ಒಕಾನೊ ಮತ್ತು ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ಪ್ರಬಂಧ ಅದನ್ನು ಕೋಶ ಬೆಳೆಸುವ ತಟ್ಟೆಗೆ ಹೊಂದಿಸಿತು. ಪ್ಲಾಸ್ಟಿಕ್ ತಟ್ಟೆಯ ಮೇಲೆ ದ್ರಾವಣವನ್ನು ಹರಡಿ ಇಲೆಕ್ಟ್ರಾನ್ ಕಿರಣ ಹಾಯಿಸಿದಾಗ ಪಾಲಿಮರ್ ಎಳೆಗಳು ತಟ್ಟೆಗೆ ನಾಟಿಕೊಳ್ಳುತ್ತವೆ. ಮೈಬಿಸಿಯಾದ 37 ಡಿಗ್ರಿಯಲ್ಲಿ ಆ ಎಳೆಗಳು ನೀರನ್ನು ಹೊರದೂಡಿ ಮುದುಡಿರುತ್ತವೆ. ಅವುಗಳ ಮೇಲೆ ಪ್ರೋಟೀನ್ ಅಂಟಿ, ಪ್ರೋಟೀನಿನ ಮೇಲೆ ಕೋಶ ಅಂಟಿ ಹರಡಿ ಬೆಳೆಯುತ್ತದೆ. ತಟ್ಟೆಯನ್ನು 20 ಡಿಗ್ರಿಗೆ ಇಳಿಸಿದರೆ ಎಳೆಗಳು ನೀರು ಕುಡಿದು ನಿಮಿರುತ್ತವೆ. ಕೋಶಕ್ಕೆ ಹಿಡಿತ ತಪ್ಪುತ್ತದೆ. ಇಡೀ ಹಾಳೆ ತನ್ನ ತಳದ ಅಂಟಿನೊಡನೆ ಏಳುತ್ತದೆ. ಆ ಅಂಟು ಉಳಿದಿರುವುದರಿಂದ ಹೊಸ ಜಾಗಕ್ಕೆ ಇಟ್ಟಾಗ ಹಾಳೆ ಹೊಲಿಗೆಯಿಲ್ಲದೆ ಕಚ್ಚಿಕೊಳ್ಳುತ್ತದೆ. ಕಾಯಿಸಿದ ಹಾಲು ರಾತ್ರಿಯಿಡೀ ತಣಿದು ಮುಂಜಾನೆ ಕೆನೆ ಒಂದೇ ಪದರವಾಗಿ ಏಳುವುದನ್ನು ಕಂಡವರಿಗೆ ನೋಟ ಅಪರಿಚಿತವಲ್ಲ. ಕಾರಣ ಮಾತ್ರ ಬೇರೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು ಲೇಪನದ ದಪ್ಪ. ಅದು 20 ನ್ಯಾನೊಮೀಟರ್ ಆಸುಪಾಸಿನಲ್ಲಿರಬೇಕು, ಎಂದರೆ ಕೂದಲೆಳೆಯ ಕೆಲವು ಸಾವಿರದಲ್ಲೊಂದು ಪಾಲು. ಇನ್ನಷ್ಟು ದಪ್ಪವಾದರೆ 37 ಡಿಗ್ರಿಯಲ್ಲಿಯೂ ಕೋಶ ಅಂಟುವುದಿಲ್ಲ. ಸುಣ್ಣದ ಹೊಂಡದಲ್ಲಿ ಹೆಬ್ಬೆರಳು ಹಿಡಿಯುತ್ತಿದ್ದ ಹದವನ್ನು ಇಲ್ಲಿ ಯಂತ್ರ ಹಿಡಿಯಬೇಕಾಗಿದೆ. ಎರಡನೆಯದು ಇನ್ನೂ ಸ್ವಾರಸ್ಯಕರ. ಬಿಡುವುದು ಲೇಪನದ ಕೆಲಸ ಮಾತ್ರವಲ್ಲ. ಕೋಶದ ಶಕ್ತಿ ಉತ್ಪಾದನೆಯನ್ನು ರಾಸಾಯನಿಕವಾಗಿ ತಡೆದರೆ ತಟ್ಟೆ ತಣಿದರೂ ಅದು ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಲೇಪನ ಹಿಡಿತ ಸಡಿಲಿಸುತ್ತದೆ, ಕೋಶ ತನ್ನನ್ನು ತಾನೇ ಸೆಳೆದುಕೊಳ್ಳುತ್ತದೆ. ಸತ್ತ ತೊಗಲಿನ ಹದಗಾರಿಕೆಗೂ ಇದಕ್ಕೂ ಇರುವ ನಿಜವಾದ ಅಂತರ ಇದು.

ಪರಿಭಾಷೆಯ ಬಗೆಗೂ ಒಂದು ಮಾತು ಅಗತ್ಯ. ಇಂತಹ ಹಾಳೆಗೆ ಕನ್ನಡದಲ್ಲಿ ಮೊದಲು ಹೊಳೆಯುವ ಶಬ್ದ 'ಪೊರೆ'. ಹಾವು ಬಿಡುವುದು ಪೊರೆ; ಅದೂ ಹರಿಯದೆ ಇಡಿಯಾಗಿ ಬಿಡುತ್ತದೆ. ಕ್ರಿಯಾಪದವಾಗಿ 'ಪೊರೆ' ಎಂದರೆ ಕಾಪಾಡು, ಸಲಹು. ಇಷ್ಟು ಒದಗಿಬಂದರೂ ಆ ಶಬ್ದವನ್ನು ಬಿಡಬೇಕಾಗುತ್ತದೆ, ಏಕೆಂದರೆ 'ಕಣ್ಣಿನ ಪೊರೆ' ಎಂದರೆ ಜನರಿಗೆ ತೆಗೆಸಬೇಕಾದ ಕಾಯಿಲೆ. ಕಣ್ಣಿಗೆ ಪೊರೆ ಹಾಕುತ್ತೇವೆ ಎಂದರೆ ರೋಗಿ ಎದ್ದು ಹೋದಾನು. ಆದ್ದರಿಂದ ಇಲ್ಲಿ 'ಕೋಶಹಾಳೆ' ಎಂಬ ರೂಪವನ್ನು ಬಳಸಿದೆ.

ಕಣ್ಣಿನ ಮಾತು ಬಂದಾಗ ಸುಣ್ಣ ಮತ್ತೆ ಎದುರಾಗುತ್ತದೆ, ಈ ಬಾರಿ ಹೊಂಡದಿಂದಲ್ಲ, ಚಂಚಿಯಿಂದ. ನಿಪ್ಪಾಣಿ ತಂಬಾಕಿನ ಪೇಟೆ. 1981ರಲ್ಲಿ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಡೆಸಿದ ಚಳವಳಿಯ ಮೇಲೆ ಗೋಲಿಬಾರು ನಡೆದು ರೈತರು ಪ್ರಾಣ ತೆತ್ತದ್ದು, ಬೀಡಿ ಮತ್ತು ಜರ್ದಾ ಕೆಲಸದ ಹೆಣ್ಣುಮಕ್ಕಳು ಸಂಘಟಿತರಾದದ್ದು ಈ ಪೇಟೆಯ ಚರಿತ್ರೆಗೆ ಸೇರಿವೆ. ತಂಬಾಕು ಇದ್ದಲ್ಲಿ ಸುಣ್ಣವಿದೆ. ಹಿಂದೆ ಸುಣ್ಣದ ಡಬ್ಬಿ ಇತ್ತು. ಈಗ ಅಂಗಡಿಯಲ್ಲಿ ತೂಗುವ ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳೂ ಇವೆ. ಆಟವಾಡುವ ಮಕ್ಕಳು ಅದುಮಿದಾಗ ಈ ಪೊಟ್ಟಣ ಒಡೆದು ಸುಣ್ಣ ನೇರ ಕಣ್ಣಿಗೆ ಸಿಡಿಯುವ ಅಪಾಯವನ್ನು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ನೇತ್ರತಜ್ಞರು 2006ರಲ್ಲಿಯೇ ದಾಖಲಿಸಿದ್ದಾರೆ. ತೊಗಲಿನ ಮೇಲೆ ಸುಣ್ಣ ಏನು ಮಾಡುತ್ತದೆಯೋ ಕಣ್ಣಿನ ಮೇಲೆಯೂ ಅದನ್ನೇ ಮಾಡುತ್ತದೆ: ಹೊರಪದರವನ್ನು ಕರಗಿಸುತ್ತದೆ. ಜನಪದ ವೈದ್ಯದಲ್ಲಿ ಕಣ್ಣಿನ ನೋವಿಗೆ ಎದೆಹಾಲು ಹಿಂಡುವ ರೂಢಿ ಪ್ರಸಿದ್ಧ. ಸುಣ್ಣ ಬಿದ್ದ ಕಣ್ಣಿಗಾದರೋ ಕೂಡಲೇ ಧಾರಾಳವಾಗಿ, ಬಹಳ ಹೊತ್ತು ಶುದ್ಧ ನೀರು ಹಾಯಿಸಿ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಒಯ್ಯುವುದೇ ದಾರಿ. ಜನಪದವನ್ನು ಅಭ್ಯಸಿಸುವವರು ಈ ವ್ಯತ್ಯಾಸವನ್ನು ಹೇಳದೆ ಬಿಡಬಾರದು.

ಕಣ್ಣಿನ ಕರಿಗುಡ್ಡೆ ಮತ್ತು ಬಿಳಿಗುಡ್ಡೆ ಕೂಡುವ ಉಂಗುರದಲ್ಲಿ ಕಾರ್ನಿಯಾದ ಹೊರಪದರವನ್ನು ದಿನವೂ ಹೊಸದಾಗಿಸುವ ಕಾಂಡಕೋಶಗಳಿವೆ. ಸುಣ್ಣ ಈ ಉಂಗುರವನ್ನು ಸುಟ್ಟರೆ ಬಿಳಿಭಾಗದ ಪದರ ರಕ್ತನಾಳಗಳೊಂದಿಗೆ ಕಾರ್ನಿಯಾದ ಮೇಲೆ ಹಬ್ಬಿ ದೃಷ್ಟಿಯನ್ನು ಮುಚ್ಚುತ್ತದೆ. ಸತ್ತವರ ಕಾರ್ನಿಯಾವನ್ನು ಕಸಿ ಮಾಡಿದರೂ ಅದು ಬಾಳುವುದಿಲ್ಲ, ಏಕೆಂದರೆ ಅದನ್ನು ಪೋಷಿಸುವ ಉಂಗುರವೇ ಇಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಅದರ ಉಂಗುರದಿಂದ ಚೂರು ತೆಗೆದು ಬೆಳೆಸಬಹುದು. 1997ರಲ್ಲಿ ಇಟಲಿಯಲ್ಲಿ ಗ್ರಾಜಿಯೆಲ್ಲಾ ಪೆಲೆಗ್ರೀನಿ ಮತ್ತು ಸಂಗಡಿಗರು ಅದನ್ನು ತೋರಿಸಿದ್ದರು. ಎರಡೂ ಕಣ್ಣು ಸುಟ್ಟವರಿಗೆ ಏನು ಗತಿ? 2004ರಲ್ಲಿ ಜಪಾನಿನ ಕೋಜಿ ನಿಶಿದಾ ಮತ್ತು ಒಕಾನೊ ಅವರ ತಂಡ ನಾಲ್ವರು ರೋಗಿಗಳ ಬಾಯಿಯ ಒಳಪದರದಿಂದ 3 ಮಿಲಿಮೀಟರ್ ಅಗಲದ ಚೂರು ತೆಗೆದು, ಉಷ್ಣತೆಗೆ ಸ್ಪಂದಿಸುವ ತಟ್ಟೆಯಲ್ಲಿ ಎರಡು ವಾರ ಬೆಳೆಸಿ, ತಣಿಸಿ ಎತ್ತಿದ ಹಾಳೆಯನ್ನು ಹೊಲಿಗೆಯಿಲ್ಲದೆ ಕಣ್ಣಿನ ಮೇಲಿಟ್ಟಿತು. ನಾಲ್ವರಿಗೂ ದೃಷ್ಟಿ ಸುಧಾರಿಸಿತು. ತಂಬಾಕು–ಸುಣ್ಣವನ್ನು ತುಟಿಯೊಳಗೆ ಇಟ್ಟು ಅಭ್ಯಾಸವಾದ ಸೀಮೆಯಲ್ಲಿ ಈ ಮಾರ್ಗಕ್ಕೆ ಒಂದು ತೊಡಕಿದೆಯೆಂದು ಬೇರೆ ಹೇಳಬೇಕಾಗಿಲ್ಲ: ಕಣ್ಣಿಗೆ ಒದಗಬೇಕಾದ ಬಾಯಿಯ ಪದರವೇ ಅಲ್ಲಿ ದಿನವೂ ಸುಣ್ಣ ಉಣ್ಣುತ್ತಿರುತ್ತದೆ.

ಭಾರತದಲ್ಲಿ ಈ ಚಿಕಿತ್ಸೆ ಬೇರೆ ಹಾದಿ ಹಿಡಿಯಿತು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ವೀರೇಂದರ್ ಸಾಂಗ್ವಾನ್, ಗೀತಾ ವೇಮುಗಂಟಿ ಮೊದಲಾದವರು ಶತಮಾನದ ಆರಂಭದಿಂದ ಉಂಗುರದ ಕೋಶಗಳನ್ನು ಪಾಲಿಮರ್ ತಟ್ಟೆಯ ಬದಲು ಮಾಸಿನ ತೆಳುಪದರದ ಮೇಲೆ, ಅಂದರೆ ಗರ್ಭದಲ್ಲಿ ಮಗುವನ್ನು ಸುತ್ತಿರುವ ಚೀಲದ ಒಳಪದರದ ಮೇಲೆ, ಬೆಳೆಸಿದರು. ಇಲ್ಲಿ ಬಿಡಿಸುವ ಪ್ರಶ್ನೆಯೇ ಏಳುವುದಿಲ್ಲ. ಆಸರೆಯ ಪದರದ ಸಮೇತ ಕಣ್ಣಿಗೆ ಹಾಕುತ್ತಾರೆ. ಹಳ್ಳಿಗಳಲ್ಲಿ ಹೆರಿಗೆಯಾದ ಬಳಿಕ ಹೂಳಿ, ನಾಯಿ ಮುಟ್ಟದಂತೆ ಕಲ್ಲು ಹೇರುತ್ತಿದ್ದ ಮಾಸಿಗೆ ಒದಗಿದ ಈ ಬಳಕೆ ಆಚರಣೆಗಳ ಅಧ್ಯಯನಕಾರರ ಗಮನಕ್ಕೆ ಬರಬೇಕಾದದ್ದು. 2011ರಲ್ಲಿ ಈ ತಂಡ 200 ರೋಗಿಗಳ ಫಲಿತಾಂಶ ಪ್ರಕಟಿಸಿತು. ಶೇಕಡ 71ರಷ್ಟು ಯಶಸ್ಸು ದೊರೆತಿತ್ತು. ಮರುವರ್ಷ ಸಾಂಗ್ವಾನ್ ಇನ್ನೂ ಮುಂದೆ ಹೋಗಿ ಪ್ರಯೋಗಾಲಯವನ್ನೇ ಕೈಬಿಟ್ಟರು: ಆರೋಗ್ಯವಂತ ಕಣ್ಣಿನ ಉಂಗುರದಿಂದ ತೆಗೆದ ಪುಟ್ಟ ಚೂರನ್ನು ಎಂಟು–ಹತ್ತು ತುಣುಕು ಮಾಡಿ, ಗಾಯಗೊಂಡ ಕಣ್ಣಿನ ಮೇಲೆ ಹರಡಿದ ಮಾಸಿನ ಪದರಕ್ಕೆ ನೇರವಾಗಿ ಅಂಟಿಸಿದರು. ಕಣ್ಣೇ ತಟ್ಟೆಯಾಯಿತು. ಬಡದೇಶಕ್ಕೆ ತಕ್ಕ ಉಪಾಯವೆಂದು ಇದನ್ನು ಕೆಳಗಿಳಿಸಿ ನೋಡುವುದು ತಪ್ಪು. ಅನೇಕ ದೇಶಗಳು ಇದನ್ನು ಅನುಸರಿಸುತ್ತಿವೆ. ಉಷ್ಣತೆಗೆ ಸ್ಪಂದಿಸುವ ಲೇಪನದ ಕೆಲಸವೂ ಭಾರತದಲ್ಲಿ ನಡೆಯದೇ ಇಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಟಿ.ವಿ. ಕುಮಾರಿ ಮತ್ತು ಸಂಗಡಿಗರು ಅದೇ ಅಕ್ರಿಲಮೈಡಿಗೆ ಇನ್ನೊಂದು ಘಟಕವನ್ನು ಕೂಡಿಸಿ, ಇಲೆಕ್ಟ್ರಾನ್ ಕಿರಣದ ದುಬಾರಿ ಯಂತ್ರವಿಲ್ಲದೆ ತಟ್ಟೆಗೆ ಬಳಿಯಬಹುದಾದ ಲೇಪನವನ್ನು 2010ರ ಸುಮಾರಿಗೆ ರೂಪಿಸಿ ಕಾರ್ನಿಯಾದ ಕೋಶಗಳ ಮೇಲೆ ಪರೀಕ್ಷಿಸಿದ್ದಾರೆ.

ಹೃದಯದ ವೃತ್ತಾಂತವನ್ನು ಚಿಕ್ಕದಾಗಿ ಹೇಳಿದರೆ ಸಾಕು. 2002ರಲ್ಲಿ ಟೋಕಿಯೊದ ತಂಡ ಹೃದಯಕೋಶದ ಹಾಳೆಗಳನ್ನು ಒಂದರ ಮೇಲೊಂದು ಇರಿಸಿ ಅವು ಒಟ್ಟಾಗಿ ಮಿಡಿಯುವುದನ್ನು ತೋರಿಸಿತು. ತೊಡೆಯ ಸ್ನಾಯುವಿನಿಂದ ಬೆಳೆಸಿದ ಹಾಳೆಯನ್ನು ದುರ್ಬಲ ಹೃದಯಕ್ಕೆ ಹೊದಿಸುವ ಚಿಕಿತ್ಸೆಯನ್ನು ಒಸಾಕಾದ ಯೋಶಿಕಿ ಸಾವಾ ಬೆಳೆಸಿದರು. ಜಪಾನ್ ಸರಕಾರ ಅದಕ್ಕೆ 2015ರಲ್ಲಿ ಷರತ್ತಿನ ಒಪ್ಪಿಗೆ ಕೊಟ್ಟಿತು. ಆದರೆ ಫಲ ಸಿದ್ಧವಾಗಲಿಲ್ಲವೆಂದು 2024ರಲ್ಲಿ ಪೂರ್ಣ ಒಪ್ಪಿಗೆ ದೊರೆಯಲಿಲ್ಲ. ಹಾಳೆಯನ್ನು ಹರಿಯದಂತೆ ಬಿಡಿಸುವುದು ಒಂದು ವಿದ್ಯೆ, ಅದು ಹೊಸ ಜಾಗದಲ್ಲಿ ಬಾಳುವುದು ಬೇರೆಯೇ ವಿದ್ಯೆ. ಕಣ್ಣಿನಲ್ಲಿ ಗೆದ್ದದ್ದು ಹೃದಯದಲ್ಲಿ ಇನ್ನೂ ಗೆದ್ದಿಲ್ಲ.

ಹಾಗಾದರೆ ಈ ಲೇಪನ ಕೃಷ್ಣೆಯ ದಂಡೆಗೆ ಬಂದರೆ ಏನಾದೀತು? ಉತ್ತರ ಬೇಸಿಗೆಯಲ್ಲಿದೆ. ಟೋಕಿಯೊದ ಪ್ರಯೋಗಾಲಯದಲ್ಲಿ 20 ಡಿಗ್ರಿ ಎಂದರೆ ಕೋಣೆಯ ಸಹಜ ಉಷ್ಣತೆ. ತಟ್ಟೆಯನ್ನು ಹೊರಗಿಟ್ಟರೆ ಹಾಳೆ ಏಳುತ್ತದೆ. ಅಥಣಿ, ರಾಯಬಾಗಗಳ ಏಪ್ರಿಲ್ ಮಧ್ಯಾಹ್ನದಲ್ಲಿ ಕೋಣೆಯೇ 32 ಡಿಗ್ರಿಯನ್ನು ದಾಟಿರುತ್ತದೆ. ಹೊರಗಿಟ್ಟ ತಟ್ಟೆ ಹಾಳೆಯನ್ನು ಬಿಡುವುದೇ ಇಲ್ಲ. ಮಾಘದ ಚಳಿಯಲ್ಲಿ ಇದಕ್ಕೆ ವಿರುದ್ಧವಾದ ಆಪತ್ತು: ಸಾಗಿಸುವಾಗ ದಾರಿಯಲ್ಲಿಯೇ ಹಾಳೆ ಎದ್ದುಬಿಡಬಹುದು. ಬದಲಾವಣೆಯ ಬಿಂದುವು ಇಲ್ಲಿನ ಒಂದು ಸಾಮಾನ್ಯ ದಿನದ ನಡುವೆಯೇ ಬೀಳುತ್ತದೆ. ನಿರಂತರ ವಿದ್ಯುತ್ತು, ತಂಪುಕೋಣೆ, ಕ್ರಿಮಿರಹಿತ ಪ್ರಯೋಗಾಲಯಗಳಿಲ್ಲದೆ ಈ ನಾಜೂಕು ನಿಲ್ಲುವುದಿಲ್ಲ. ಸುಣ್ಣದ ಹೊಂಡವೂ ಋತುವನ್ನು ಅವಲಂಬಿಸಿತ್ತು. ಆದರೆ ಅಲ್ಲಿ ಬೇಸಿಗೆಗೆ ಕಡಿಮೆ ದಿನ, ಚಳಿಗಾಲಕ್ಕೆ ಹೆಚ್ಚು ದಿನ ಎಂದು ಹೆಬ್ಬೆರಳು ಹೊಂದಿಸಿಕೊಳ್ಳುತ್ತಿತ್ತು.

ಸದ್ಯಕ್ಕೆ ಈ ಐದು ತಾಲ್ಲೂಕುಗಳ ಸುಟ್ಟಗಾಯಕ್ಕೆ, ಕಣ್ಣಿನ ಗಾಯಕ್ಕೆ ನೆರವು ದೊರೆಯುವುದು ಎರಡು ದಿಕ್ಕಿನಲ್ಲಿ. ಕಾಗವಾಡ, ಅಥಣಿಯವರಿಗೆ ಗಡಿಯಾಚೆಯ ಮೀರಜ ಹತ್ತಿರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಲಿಯಂ ವಾನ್‌ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಂದಿನಿಂದ ಕನ್ನಡನಾಡಿನ ರೋಗಿಗಳು ಆ ಊರಿನ ದಾರಿ ತುಳಿಯುತ್ತ ಬಂದಿದ್ದಾರೆ. ಇನ್ನೊಂದು ದಿಕ್ಕು ಬೆಳಗಾವಿ. ಅಲ್ಲಿನ ಕೆ.ಎಲ್.ಇ. ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಚರ್ಮ ಭಂಡಾರ ಸ್ಥಾಪಿತವಾಗಿದೆ. ಕಬ್ಬಿನ ಗಾಣದ ಕೊಪ್ಪರಿಗೆಯಲ್ಲೋ ಅಡುಗೆಮನೆಯ ಸ್ಟೋವಿನಲ್ಲೋ ಸುಟ್ಟುಕೊಂಡವರ ಗಾಯವನ್ನು, ಅವರದೇ ಚರ್ಮ ಒದಗುವವರೆಗೆ, ದಾನಿಯ ಚರ್ಮದಿಂದ ಮುಚ್ಚುವುದು ಇಂತಹ ಭಂಡಾರಗಳ ಕೆಲಸ. ಮರಣದ ಆರು ತಾಸಿನೊಳಗೆ ತೆಗೆದ ತೆಳುಪದರವನ್ನು ಗ್ಲಿಸರಿನ್‌ನಲ್ಲಿ ತಂಪಾಗಿ ಕಾಪಿಡುತ್ತಾರೆ. ದಾನಕ್ಕೆ ಒಪ್ಪಬೇಕಾದ ಕುಟುಂಬಗಳು ಶವ ವಿಕಾರವಾದೀತೆಂದು ಅಂಜುವುದುಂಟು. ಅವರಿಗೆ ವೈದ್ಯರು ಕೊಡುವ ವಿವರಣೆ ಸರಳವಾದದ್ದು: ತೆಗೆಯುವುದು ಕಾಗದದಷ್ಟು ತೆಳುವಾದ ಮೇಲ್ಪದರ ಮಾತ್ರ, ತೆಗೆಯುವುದು ಬೆನ್ನಿನಿಂದ, ಕಾಲಿನಿಂದ ಮತ್ತು ತೊಡೆಯಿಂದ.